ಮುಕ್ಬಿಲ್ ಯೋಚಿಸುವ ಹೊತ್ತು

ಮುಕ್ಬಿಲ್ ಚಿಕ್ಕಪ್ಪ ಅಪ್ಪನ ಹಳೆಯ ಗೆಳೆಯ; ಒಂದು ಬಿಲ್ಲೆ ಇಡಲು ಐದು ನಿಮಿಷ ಯೋಚಿಸುವವರು. ನಮ್ಮಪ್ಪ ಅಬ್ದುಲ್‌ವಾಸಿ ಮೂವತ್ತು ವರ್ಷ ಅವರ ಎದುರು ಕೂತು ಡಾಮಿನೋ ಆಡಿದ್ದು ಹಾಗೆಯೇ. ಅಪ್ಪ ನಮ್ಮೂರು ತಾಯಿಝ್‌ನಿಂದ ಊರಂಚಿನ ಹೌಬಾನ್‌ಗೆ ಬಸ್ಸು ಓಡಿಸುತ್ತಿದ್ದರು. ಕೊನೆಯ ನಿಲ್ದಾಣದ ಪಕ್ಕದಲ್ಲೇ ಚಿಕ್ಕಪ್ಪನ ಮನೆ, ಕಾಲು ಗಂಟೆಯ ದಾರಿ. ಯುದ್ಧ ಊರನ್ನು ಎರಡು ಪಾಲು ಮಾಡಿ ಆ ದಾರಿಯಲ್ಲಿ ನೆಲಬಾಂಬು ಹೂತ ಮೇಲೆ ಬೆಟ್ಟ ಸುತ್ತಿ ಹೋಗಲು ಏಳು ಗಂಟೆ ಬೇಕಾಯಿತು. ಅಪ್ಪನ ಬೆನ್ನು ಅದನ್ನು ತಡೆಯುತ್ತಿರಲಿಲ್ಲ. ಅವರ ಕೋಣೆಯಲ್ಲಿ ಗುಂಡು ಬರುವ ಕಡೆಯ ಕಿಟಕಿಗೆ ಇಟ್ಟಿಗೆ ಕಟ್ಟಿಸಿದೆವು. ಆ ಕತ್ತಲೆ ಕೋಣೆಯಲ್ಲೇ ಅವರು ಆರು ವರ್ಷ ಕಳೆದರು.

ಇಬ್ಬರ ಫೋನಿಗೂ ಡಾಮಿನೋ ಆಟ ಹಾಕಿಕೊಟ್ಟವಳು ನಾನು. ಮಧ್ಯಾಹ್ನ ಊಟ ಮುಗಿಸಿ, ಜಗಿಯಲು ಕೆನ್ನೆಗೆ ಖಾತ್ ಎಂಬ ಅಮಲಿನ ಎಲೆ ಒತ್ತಿಕೊಂಡರೆ ಆಟ ಶುರು. ಚಿಕ್ಕಪ್ಪನದು ಒಂದೇ ಷರತ್ತು: ಸರದಿಗೆ ಕಾಲಮಿತಿ ಇರಕೂಡದು. ಅದನ್ನೂ ತೆಗೆದುಹಾಕಿದ್ದೆ.

ಒಂದು ಬೇಸಿಗೆಯಲ್ಲಿ ಆಟ ನಡುವೆಯೇ ಕಡಿದುಹೋಗತೊಡಗಿತು. ‘ಸಂಪರ್ಕದ ಸಮಯ ಮೀರಿದೆ’ ಎಂಬ ಸಾಲು ಮೂಡಿದರೆ ಮುಗಿಯಿತು, ಅಪ್ಪ ಆಟ ಬಿಟ್ಟು ಓಡಿದ ಲೆಕ್ಕ. ಹಿಂದೆಯೇ ಚಿಕ್ಕಪ್ಪನ ಧ್ವನಿ ಸಂದೇಶ ಬರುತ್ತಿತ್ತು.

“ಏನೋ, ಸೋಲೋ ಹೊತ್ತಿಗೆ ಸರಿಯಾಗಿ ಓಡ್ತೀಯಲ್ಲೋ! ಬಸ್ಸೂ ಹಿಂಗೇ ಓಡಿಸ್ತಿದ್ದೆ, ಜನ ಹತ್ತೋಕ್ ಮುಂಚೆ.”

ಒಂಬತ್ತನೆಯ ಸಲ ಆ ಧ್ವನಿಯಲ್ಲಿ ನಗು ಇರಲಿಲ್ಲ. “ಆಡೋಕ್ ಇಷ್ಟ ಇಲ್ಲ ಅಂದ್ರೆ ಹೇಳ್ಬಿಡು, ಅಬ್ದುಲ್‌ವಾಸಿ. ನಾನೇನು ಬೇಡ್ಕೊಳ್ಳಲ್ಲ.”

ಅಪ್ಪ ಫೋನನ್ನು ದಿಂಬಿನ ಕೆಳಗೆ ತುರುಕಿದರು. ಆಮೇಲೆ ಹತ್ತು ದಿನ ಅದನ್ನು ಮುಟ್ಟಲಿಲ್ಲ. ಇಟ್ಟಿಗೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ರೂಟರ್ ಆರಿಸಿ ಹಚ್ಚಿದೆ. ಆಟವನ್ನು ಅಳಿಸಿ ಮತ್ತೆ ಹಾಕಿದೆ. ನನ್ನ ಫೋನಿನಲ್ಲಿ ನೋಡಿದೆ. ಅದೇ ಸಾಲು. ಆದರೆ ಅದೇ ಹೊತ್ತಿಗೆ ಬೇರೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ತಂಗಿ ಕಳಿಸಿದ ವಿಡಿಯೋ ಕೂಡ. ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ಕೊನೆಗೆ ಒಂದು ನೋಟ್‌ಬುಕ್ ಹಿಡಿದು ಕೂತೆ. ಅಪ್ಪನಿಗೆ ಹೇಳದೆ, ಅವರ ಹೆಸರಿನಲ್ಲಿ ನಾನೇ ಚಿಕ್ಕಪ್ಪನ ಜೊತೆ ಆಡಿ, ಕಡಿದಾಗಲೆಲ್ಲ ಬರೆದಿಟ್ಟೆ: ಸರದಿ ಯಾರದು, ಎಷ್ಟು ಹೊತ್ತಾಗಿತ್ತು. ನಾಲ್ಕು ಸಲ ಕಡಿಯಿತು. ನಾಲ್ಕು ಸಲವೂ ಸರದಿ ಚಿಕ್ಕಪ್ಪನದು. ಐದನೆಯ ಸಲ ಗಡಿಯಾರ ಹಿಡಿದು ನೋಡಿದೆ. ಸರಿಯಾಗಿ ಅರವತ್ತು ಸೆಕೆಂಡಿಗೆ ಹೋಯಿತು.

ನಮ್ಮ ಬೀದಿಗೆಲ್ಲ ಇಂಟರ್‌ನೆಟ್ ಕೊಡುತ್ತಿದ್ದವನು ಹಾಜಿ ಸರ್ಹಾನ್. ಅವನ ಅಂಗಡಿಗೆ ನೋಟ್‌ಬುಕ್ ಒಯ್ದೆ.

“ಹಾಜಿ, ಸುಮ್ಮನಿರೋ ಸಂಪರ್ಕನ ಒಂದು ನಿಮಿಷಕ್ಕೆ ಕತ್ತರಿಸೋ ಹಂಗೆ ಏನಾದ್ರೂ ಮಾಡಿದ್ದೀಯಾ?”

ಅವನು ನೋಟ್‌ಬುಕ್ಕನ್ನೂ ನನ್ನನ್ನೂ ನೋಡಿದ. “ಮಾಡಿದ್ದೀನಮ್ಮಾ. ಇನ್ನೂರು ಮನೆ, ಇರೋದು ಒಂದೇ ದಾರಿ. ಮಾತಾಡದೇ ಕೂತೋನನ್ನ ಎಬ್ಬಿಸದೇ ಇದ್ರೆ ನಿಂತೋನಿಗೆ ಜಾಗ ಎಲ್ಲಿಂದ ತರ್ಲಿ?”

“ನಮ್ಮ ಮನೆಗೊಂದಕ್ಕೆ ಬಿಟ್ಬಿಡು.”

“ನನ್ನ ಡಬ್ಬಿಗೆ ಅಷ್ಟು ಬುದ್ಧಿ ಇಲ್ಲ, ಇಬ್ತಿಹಾಲ್. ನಿಮ್ಮಪ್ಪ ಸುಮ್ಮನಿರೋದು ಬಿಡ್ಲಿ. ಏನಾದ್ರೂ ಕಳಿಸ್ತಾ ಇರ್ಲಿ, ಸಾಕು.”

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಎದ್ದು ಕೂತರು. “ಅಂದ್ರೆ, ಅವನು ಯೋಚ್ನೆ ಮಾಡ್ತಾ ಕೂತಿದ್ದಕ್ಕೆ ನಾನು ಓಡಿಹೋದೋನು ಆದ್ನಾ?”

“ಹೌದಪ್ಪಾ. ಅವರು ಯೋಚಿಸ್ತಿರೋವಾಗ ನೀವು ಅರ್ಧ ನಿಮಿಷಕ್ಕೊಂದ್ಸಲ ಆಟದೊಳಗಿರೋ ಈ ಗುಲಾಬಿ ಚಿತ್ರ ಒತ್ತಿ ಕಳಿಸಿ. ಸಂಪರ್ಕ ಉಳಿಯುತ್ತೆ.”

ಅವರು ಫೋನು ತೆಗೆದುಕೊಂಡರು. ಆಟ ಶುರುವಾಯಿತು. ಚಿಕ್ಕಪ್ಪ ಎಂದಿನಂತೆ ಯೋಚನೆಗೆ ಇಳಿದರು. ಅಪ್ಪ ಬಾಯಲ್ಲೇ ಎಣಿಸುತ್ತಾ ಒತ್ತಿದರು. ಒಂದು ಗುಲಾಬಿ, ಎರಡು, ಆರು. ನಾನು ಪರದೆ ನೋಡುತ್ತಿದ್ದೆ. ಒಂದು ನಿಮಿಷ ದಾಟಿತು. ಮೂರು ದಾಟಿತು. ಕಡಿಯಲಿಲ್ಲ.

ಅಷ್ಟರಲ್ಲಿ ಧ್ವನಿ ಸಂದೇಶ ಬಂತು. “ಏನೋ ಇದು, ಮುದುಕಾ? ಇಷ್ಟೊಂದು ಗುಲಾಬಿ! ನನ್ನ ಮದುವೆ ಆಗ್ತೀಯೇನೋ?”

ಅಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದರು. “ನಾನು ಓಡಿಹೋಗಿರ್ಲಿಲ್ಲ ಕಣೋ,” ಎಂದರು. “ಇಲ್ಲೇ ಇದ್ದೆ. ಹೋಗೋಕೆ ನನಗೆ ಜಾಗ ಆದ್ರೂ ಎಲ್ಲಿದೆ?”

ಆ ಕಡೆಯಿಂದ ನಾಲ್ಕನೆಯ ನಿಮಿಷಕ್ಕೆ ಪರದೆಯ ಮೇಲೆ ಒಂದು ಗುಲಾಬಿ ಬಂತು; ಅದರ ಹಿಂದೆಯೇ ಬಿಲ್ಲೆ.

ಅಪ್ಪ ಸೋತರು. ಫೋನಿನಲ್ಲಿ ಚಾರ್ಜ್ ಮುಗಿಯುತ್ತಾ ಬಂದಿತ್ತು. ಸೋಲಾರ್ ಬ್ಯಾಟರಿಯಲ್ಲಿ ಉಳಿದಿದ್ದುದು ಫ್ಯಾನಿಗೋ ಫೋನಿಗೋ ಒಂದಕ್ಕೆ ಮಾತ್ರ ಸಾಲುವಷ್ಟು. “ಫ್ಯಾನು ಕಿತ್ತಾಕು, ಮಗಳೇ,” ಎಂದು ಅವರು ಎರಡನೆಯ ಆಟಕ್ಕೆ ಬಿಲ್ಲೆ ಹಂಚಲು ಒತ್ತಿದರು. ಆ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಇಬ್ಬರೂ ಕೂತೆವು.