ತಂಪು ಊರಿಗೊಂದು ಕೌದಿ

ಬಾಯಿಗೆ ಹಾಕಿಕೊಂಡ ಮೇಲೆಯೇ ಯಶೋಧರಾಗೆ ಗೊತ್ತಾಯಿತು, ಆ ರೊಟ್ಟಿ ಚೂರು ಯಾರೂ ತಿನ್ನುವುದಕ್ಕೆ ಇಟ್ಟದ್ದಲ್ಲ.

"ಅಯ್ಯ, ಕೌದಿ ಪಾಲು ನೀನ ತಿಂದೇನ?" ಹಸನಬಿ ಸೂಜಿ ಎತ್ತಿ ಹಿಡಿದು ನಕ್ಕಳು. ಹಳೆ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಓಣಿಯ ಕೌದಿಗಳನ್ನೆಲ್ಲ ಹೊಲಿಯುವ ಮುದುಕಿ. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಚೂರು ರೊಟ್ಟಿ ಇಡಬೇಕು. ಕೌದಿಯ ಹೊಟ್ಟೆ ಹಸಿದಿರಬಾರದು.

ತಾಯಿ ಸಕ್ರವ್ವ ಇನ್ನೊಂದು ಚೂರು ತಂದಳು. "ಇಷ್ಟು ಕಲತು ಕೌದಿ ಕೂಡ ಊಟಕ್ಕ ಪೈಪೋಟಿ ನಡಿಸ್ಯಾಳ."

ಯಶೋಧರಾ ನಕ್ಕಳು, ನಗಬೇಕಾದ ಜಾಗವಾದ್ದರಿಂದ. ಹಸನಬಿ ಮೂಲೆ ಮುಚ್ಚಿದಳು.

ಕೌದಿ ಶಿಲ್ಲಾಂಗಿಗೆ. ಅಲ್ಲಿಯ ಕಾಲೇಜಿನಲ್ಲಿ ಯಶೋಧರಾ ಭೂಗೋಳ ಕಲಿಸುತ್ತಿದ್ದಳು. ರಜೆ ಮುಗಿದಿತ್ತು. ಅಣ್ಣ ದುರಗಪ್ಪ ಗಜೇಂದ್ರಗಡಕ್ಕೆ ಬೈಕಿನಲ್ಲಿ ಬಿಟ್ಟು ಬಸ್ ಹತ್ತಿಸಬೇಕು. ಹೋಗುವುದಿಲ್ಲ ಎಂಬ ಮಾತು ಬೆಳಗಿನಿಂದ ಗಂಟಲಲ್ಲೇ ಇತ್ತು. ಅದರ ಮೇಲೀಗ ಒಣ ರೊಟ್ಟಿ.

"ಅಲ್ಲಿ ಬ್ಯಾಸಗಿನ ಇಲ್ಲಂತಲ್ಲ," ಎಂದಳು ಹಸನಬಿ. "ಪುಣ್ಯವಂತಿ."

"ಮೇ ತಿಂಗಳದಾಗೂ ಶಾಲು ಬೇಕು."

"ಮಳಿ?"

"ನಿಲ್ಲೂದಿಲ್ಲ."

"ಒಂದು ಚೀಲದಾಗ ತುಂಬಕೊಂಡು ಬರಬಾರದಿತ್ತೇನ?"

ಆ ಊರಿನಲ್ಲಿ ತಪ್ಪೇನೂ ಇರಲಿಲ್ಲ. ಮಳೆಗಾಲದಲ್ಲಿ ಮಂಜು ತರಗತಿಯೊಳಗೆ ಬಂದು ಹಿಂದಿನ ಬೆಂಚುಗಳನ್ನು ಅಳಿಸುತ್ತಿತ್ತು. ಅವಳು ಮಂಜಿಗೇ ಪಾಠ ಮುಂದುವರಿಸುತ್ತಿದ್ದಳು. ನವೆಂಬರಿನಲ್ಲಿ ಚೆರ್ರಿ ಹೂ ಬಿಡುತ್ತಿತ್ತು, ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಡಿಸೆಂಬರಿನ ಬಿಸಿಲಿಗೆ ಬೆಳಕಿತ್ತು, ಬಿಸಿಯಿರಲಿಲ್ಲ. ವರ್ಷವಿಡೀ ಹಿತ. ಯಾರೂ ಅವಳನ್ನು ನೋಯಿಸಲಿಲ್ಲ. ಒಂದು ಜುಲೈ ಸಂಜೆ ಕಿಟಕಿಯ ಗಾಜಿಗೆ ಅಂಗೈ ಒತ್ತಿದಾಗ ತಣ್ಣಗಿರುವುದು ಗಾಜೋ ಕೈಯೋ ತಿಳಿಯಲಿಲ್ಲ. ಅದರ ಬಗ್ಗೆ ಯಾವ ಭಾಷೆಯಲ್ಲಿ ದೂರು ಕೊಡುವುದು?

ಬೈಕು ಗುರುಗುಟ್ಟಿತು. "ಲಗೂ ಹತ್ತ. ಬಸ್ ತಪ್ಪತೈತಿ," ಎಂದ ದುರಗಪ್ಪ.

"ನಾ ಹೋಗೂದಿಲ್ಲಣ್ಣ."

ಅವನು ಎಂಜಿನ್ ಆರಿಸಿದ. "ಯಾರರ ಏನರ ಅಂದ್ರೇನು?"

"ಇಲ್ಲ."

"ಮತ್ತ?"

"ಅಲ್ಲಿ ಭಾಳ ತಂಪೈತಿ."

ಯಾರೂ ನಗಲಿಲ್ಲ. "ತಂಪೈತಂತ ನೌಕರಿ ಬಿಡ್ತಾರೇನಬೇ?" ಎಂದ ದುರಗಪ್ಪ, ತಂಗಿಯನ್ನಲ್ಲ, ತಾಯಿಯನ್ನು ನೋಡಿ.

ಯಶೋಧರಾ ಬರಿಗಾಲಲ್ಲಿ ಅಂಗಳದ ನಡುವೆ ಹೋಗಿ ನಿಂತಳು. ಕಲ್ಲು ಸುಡುತ್ತಿತ್ತು. ಕಾಲು ಎತ್ತಲಿಲ್ಲ. ಕತ್ತಿನಿಂದ ಬೆವರಿನ ಹನಿಯೊಂದು ಬೆನ್ನಿಗಿಳಿಯಿತು, ಅದರ ಹಿಂದೆ ಇನ್ನೊಂದು. ಎಲ್ಲಿಂದ ಎಲ್ಲಿಯವರೆಗೆ ತಾನಿದ್ದೇನೆಂದು ಅವು ಗೆರೆ ಎಳೆದು ತೋರಿಸುತ್ತಿದ್ದವು. ಎದೆ ಹಗುರವಾಯಿತು. ನಡುನೆತ್ತಿಯ ಸೂರ್ಯನ ಕೆಳಗೆ ಅವಳ ನೆರಳು ಪಾದದಡಿ ಸೇರಿ ಕಾಣದಂತಾಗಿತ್ತು.

"ಹೋಗಬ್ಯಾಡ, ಬಿಡು," ಎಂದಳು ಸಕ್ರವ್ವ ಪಡಸಾಲೆಯಿಂದ. "ನೆಳ್ಳಿಗರ ಬಾ."

"ಒಲ್ಲೆ."