ಬಲೆಯಿಲ್ಲದ ಬೇಲಿ

ದೊಡ್ಡಮ್ಮ ಅಂಗಡಿಯಿಂದ ಮೀನು ತಂದಳು. ದಾರಿಯಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಚೀಲದ ತಳದಲ್ಲಿಟ್ಟು ಮೇಲೆ ಆಲೂಗಡ್ಡೆ ಸುರಿದಿದ್ದಳು. ಸಮುದ್ರದ ಪಂಜರದಲ್ಲಿ ಸಾಕಿದ ಸಾಲ್ಮನ್, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ಅಡುಗೆಮನೆಯ ಕಿಟಕಿಯಾಚೆ ನಮ್ಮ ನದಿ ತುಂಬಿ ಹರಿಯುತ್ತಿತ್ತು.

"ಮುಟ್ಟಿ ನೋಡೇ ಬಿರೆತ್. ಸೋಪಿನ ಥರ ಇದೆ."

ನದಿಯ ಈ ದಡ ಒಂದು ದೇಶ, ಆ ದಡ ಇನ್ನೊಂದು. ಎರಡೂ ಕಡೆ ಇರುವುದು ಮಾತ್ರ ನಾವೇ, ಈ ಉತ್ತರದ ಹಿಮನಾಡಿನ ಮೂಲನಿವಾಸಿಗಳಾದ ಸಾಮಿ ಜನ. ಸಾಲ್ಮನ್ ಕಡಿಮೆಯಾಯಿತೆಂದು ಎರಡು ರಾಜಧಾನಿಗಳು ಜಗಳವಾಡಿದವು, ಕೊನೆಗೆ ರಾಜಿಯಾದವು. ರಾಜಿಯಲ್ಲಿ ನಮ್ಮ ಬಲೆಗಳು ಹೋದವು. ಬಾಡಿಗೆ ಮನೆಗಳಿಗೆ ಬರುವ ಪ್ರವಾಸಿಗರ ಗಾಳಗಳು ಉಳಿದವು.

ಆ ವಾರವೇ ಮೀನುಗಾರಿಕೆ ಅಧಿಕಾರಿ ಹಾಲ್ವರ್ಡ್ ಮನೆಗೆ ಬಂದ. ದೊಡ್ಡಮ್ಮ ನಮ್ಮ ಪದ್ಧತಿಯಂತೆ ಕಾಫಿಗೆ ಗಿಣ್ಣಿನ ತುಂಡು ಹಾಕಿ ಕೊಟ್ಟಳು.

"ಸೇತುವೆ ಮೇಲೆ ನದಿ ಉಳಿಸೋ ಕಾರ್ಯಕ್ರಮ ಇದೆ ರಾವ್ನಾ ಅಮ್ಮಾ. ಸಚಿವರು ಬರ್ತಾರೆ. ನಿಮ್ಮ ನದಿ ಜೊಯಿಕ್ ಹಾಡ್ಬೇಕು."

"ಅದು ನಂದಲ್ಲಪ್ಪ. ನದೀದು."

ಜೊಯಿಕ್ ಅಂದರೆ ನಮ್ಮ ಹಾಡು; ಅದು ಹಾಡಿದವರದ್ದಲ್ಲ. ಯಾರನ್ನು ಹಾಡಿದೆವೋ ಅವರದ್ದು.

"ನದಿಗೋಸ್ಕರಾನೇ ಅಲ್ವಾ?"

"ಹಾಗಾದ್ರೆ ಒಂದು ಸಲ ನದೀಲಿ ನನ್ನ ಮೀನಿನ ಬೇಲಿ, ಬಲೆ ಎರಡೂ ಹಾಕೋಕೆ ಬಿಡು. ಈ ಹುಡುಗಿಗೆ ಕಲಿಸ್ಬೇಕು. ಮುಂದಿನ ಬೇಸಿಗೆಗೆ ನನ್ನ ಮಂಡಿ ನೀರಿಗಿಳಿಯಲ್ಲ."

ಅವನು ಕಿಟಕಿಯಾಚೆ ನೋಡಿದ. "ಹಾಕಿ. ನಾನು ನೋಡ್ಕೋತೀನಿ."

"ಬರೆದು ಕೊಡ್ತೀರಾ ಸಾರ್?" ಎಂದೆ.

ದೊಡ್ಡಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಮನೆಯ ಕಾಫಿ ಕುಡಿದವನ ಮಾತಿಗೆ ಕಾಗದ ಕೇಳುವುದು ನಮ್ಮಲ್ಲಿ ಅವಮಾನ. ಆದರೆ ನಾನು ಅವನ ಬಟ್ಟಲನ್ನೇ ನೋಡುತ್ತಿದ್ದೆ. ಕಾಫಿ ಆರಿತ್ತು. ಅವನು ತುಟಿಗೂ ತಾಗಿಸಿರಲಿಲ್ಲ.

ಎದುರು ದಡದಿಂದ ಯೋವ್ನಾ ಮಾವ ದೋಣಿ ತಂದ. ದೊಡ್ಡಮ್ಮನ ತಮ್ಮ.

"ಹಿಡಿಯೋಕೆ ಬಂದ್ರೆ ನಾನು ಆ ದೇಶದವನು ಅಂತ ಈಜ್ಕೊಂಡು ಹೋಗ್ತೀನಪ್ಪ."

"ಆ ಹೊಟ್ಟೆ ಹೊತ್ಕೊಂಡಾ? ಪ್ರವಾಸಿಗರು ದೊಡ್ಡ ಮೀನು ಅಂತ ಗಾಳ ಹಾಕಿ ಎಳೀತಾರೆ, ಹೋಗು!"

ಬರ್ಚ್ ಮರದ ಗೂಟಗಳನ್ನು ಹರಿವಿಗೆ ಅಡ್ಡಲಾಗಿ ನೆಟ್ಟೆವು. ನಡುವೆ ಕೊಂಬೆ ಹೆಣೆದೆವು. ಬೇಲಿಗೆ ತಡೆದು ತಿರುಗುವ ಮೀನು ಬೀಳಲೆಂದು ಅದರ ತುದಿಗೆ ಬಲೆ. ನೀರು ಮೂಳೆಯನ್ನು ಕೊರೆಯುತ್ತಿತ್ತು. ದೊಡ್ಡಮ್ಮ ನನ್ನ ಕೈಯನ್ನು ಗೂಟದ ಮೇಲಿಟ್ಟು ಜೊಯಿಕ್ ಗುನುಗಿದಳು. "ಗೂಟ ಗುನುಗ್ತಿದ್ಯಾ? ಹಾಗಾದ್ರೆ ನೆಟ್ಟಿದ್ದು ಸರಿ." ಅಂಗೈಯಲ್ಲಿ ಸಣ್ಣಗೆ ಕಂಪನ ಬಂತು. ಇಷ್ಟು ಕಲಿಸಲು ಅವಳು ಎಷ್ಟೋ ಬೇಸಿಗೆಗಳಿಂದ ಕಾದಿದ್ದಳು.

ಕಾರ್ಯಕ್ರಮದ ಬೆಳಿಗ್ಗೆ ದೊಡ್ಡಮ್ಮ ಹಬ್ಬದ ನೀಲಿ ಅಂಗಿ ತೊಟ್ಟು, ಎದೆಗೆ ಬೆಳ್ಳಿ ಪದಕ ಸಿಕ್ಕಿಸಿಕೊಂಡಿದ್ದಳು. ಬಲೆಯಲ್ಲಿ ಒಂದು ಸಾಲ್ಮನ್ ಬಿದ್ದಿತ್ತು. ನಾವು ಇಳಿಯುವ ಮೊದಲೇ ಕಾವಲುಗಾರರ ದೋಣಿ ಅಲ್ಲಿತ್ತು.

"ಹಾಲ್ವರ್ಡ್ ಒಪ್ಪಿದ್ದಾನೆ, ನನ್ನ ಮನೇಲಿ ಕೂತು!" ದೊಡ್ಡಮ್ಮ ಕೂಗಿದಳು.

"ಕಳಿಸಿದ್ದೇ ಅವರು, ಅಮ್ಮ. ಬೇಲಿ ಇರಲಿ ಅಂದ್ರು, ಸಚಿವರು ಫೋಟೋ ತೆಗೆಸ್ಕೋತಾರಂತೆ. ಬಲೆ ಮಾತ್ರ ತಗೊಂಡು ಹೋಗ್ತೀವಿ."

ಚಾಕು ಹಾಕಿ ಕೊಯ್ದರು. ದೊಡ್ಡಮ್ಮನ ಅಮ್ಮ ಹೆಣೆದ ಬಲೆ. ಮೀನನ್ನು ಸಾಕ್ಷಿಗೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡರು. ದೊಡ್ಡಮ್ಮ ನೀರಿನಲ್ಲೇ ನಿಂತಿದ್ದಳು. ಹಬ್ಬದ ಅಂಗಿ ಸೊಂಟದವರೆಗೆ ನೆನೆದಿತ್ತು.

"ಮನೆಗೆ ಹೋಗೋಣ ದೊಡ್ಡಮ್ಮ."

"ಇಲ್ಲ. ಹಾಡೋಕೆ ಕರೆದಿದ್ದಾರಲ್ಲ."

ಸೇತುವೆಯ ಮೇಲೆ ರಿಬ್ಬನ್, ಕತ್ತರಿ ಹಿಡಿದ ಸಚಿವರು, ಎರಡೂ ದಡದ ಜನ. ಹಾಲ್ವರ್ಡ್ ಮೆಲ್ಲಗೆ ಬಂದ. "ಬೇಜಾರು ಮಾಡ್ಕೋಬೇಡಿ ಅಮ್ಮಾ. ಎರಡೇ ನಿಮಿಷ ಸಾಕು."

ಅವಳು ಮೈಕನ್ನು ಪಕ್ಕಕ್ಕೆ ಸರಿಸಿ ಶುರುಮಾಡಿದಳು. ಜೊಯಿಕ್‌ಗೆ ಮೊದಲಿಲ್ಲ, ಕೊನೆಯಿಲ್ಲ. ಅದು ಸುತ್ತುತ್ತದೆ. ಸಚಿವರು ಚಪ್ಪಾಳೆಗೆ ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಅವಳಿಗೆ ಉಸಿರು ಸಿಗದಾದಾಗ ಸೇತುವೆಯ ಆ ತುದಿಯಿಂದ ಯೋವ್ನಾ ಮಾವ ಹಾಡು ಹಿಡಿದ. ಆಮೇಲೆ ಅವನ ಪಕ್ಕದವರು. ಆಮೇಲೆ ಈ ದಡದವರು.

ಹಾಲ್ವರ್ಡ್ ನನ್ನ ತೋಳು ಹಿಡಿದ. "ಇದು ಯಾವಾಗ ಮುಗಿಯತ್ತೆ?"

"ಬಲೆ ಎಲ್ಲಿದೆ ಸಾರ್?"

ಅವನು ಕೈ ಬಿಟ್ಟ.

ಕೆಳಗೆ ಬಲೆಯಿಲ್ಲದ ಬೇಲಿ ನಿಂತಿತ್ತು. ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರು. ಹಾಡು ಸುತ್ತಿ ಮತ್ತೆ ದೊಡ್ಡಮ್ಮನ ಬಳಿ ಬಂತು. ಅವಳ ದನಿ ಒಡೆಯಿತು, ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ.

ನಾನು ಹಿಡಿದೆ.