ಕೀಲಿ ಹಾಕಿದ ಕಪಾಟು

ಖಾನಾಪುರದಿಂದ ದಿನಾ ರೈಲಿನಲ್ಲಿ ಬೆಳಗಾವಿಗೆ ಬರುತ್ತಿದ್ದ ಮಮ್ತಾಜಳಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗ್ರಂಥಪಾಲಕಿಯ ಕೆಲಸ. ಪುಸ್ತಕದ ಗಾಡಿ ತಳ್ಳಿಕೊಂಡು ವಾರ್ಡು ವಾರ್ಡು ತಿರುಗುತ್ತಿದ್ದಳು. ಓದಬಲ್ಲವರಿಗೆ ಪುಸ್ತಕ ಕೊಡುತ್ತಿದ್ದಳು, ಆಗದವರಿಗೆ ತಾನೇ ಓದಿ ಹೇಳುತ್ತಿದ್ದಳು.

ದೇಸೂರಿನ ಬಾಳಪ್ಪನಿಗೆ ಓದಲು ಆಗುತ್ತಿರಲಿಲ್ಲ. ಉದ್ಯಮಬಾಗದ ಫೌಂಡ್ರಿಯಲ್ಲಿ ಕಾದ ಕಬ್ಬಿಣ ಸಿಡಿದು ಎರಡೂ ಕಣ್ಣಿಗೆ ಪಟ್ಟಿ ಬಿದ್ದಿತ್ತು. ಹೆಂಡತಿ ಗೌರವ್ವನ ಜೊತೆಗೂ ಮಾತು ಬಿಟ್ಟಿದ್ದ, ಊಟವೂ ಅಷ್ಟಕ್ಕಷ್ಟೇ. ಮಮ್ತಾಜ ಅವನ ಪಕ್ಕ ಕೂತು ಒಬ್ಬ ಮುದಿ ಪೈಲವಾನನ ಕತೆ ಓದತೊಡಗಿದಳು. ಮೂರನೆಯ ದಿನ, ಗೋಡೆಗೆ ಮುಖ ಮಾಡಿ ಮಲಗಿದ್ದವನು ಹೊರಳಿದ.

“ಮುಂದ ಅಂವಾ ಕುಸ್ತಿ ಗೆದ್ನೇನ್ರಿ, ಅಕ್ಕಾರ?”

ಗೌರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂದು ಬಾಳಪ್ಪ ಎರಡು ರೊಟ್ಟಿ ತಿಂದ.

ಮರುದಿನವೇ ವ್ಯವಸ್ಥಾಪಕ ರೋಹನ ಪುಸ್ತಕಗಳನ್ನೆಲ್ಲ ಗಾಜಿನ ಕಪಾಟಿಗೆ ತುಂಬಿಸಿ ಕೀಲಿ ಹಾಕಿಸಿದ. “ದವಾಖಾನಿ ತಪಾಸಣಾಕ್ಕ ಸಾಹೇಬ್ರು ಬರಾಕತ್ತಾರ. ಪುಸ್ತಕ ಹೊಲಸ ಆಗಬಾರದು. ಅಲ್ಲೀತನಕಾ ನೀವು ಚೀಟಿ ಕೊಡೂ ಕೌಂಟರಿನ್ಯಾಗ ಕುಂದರ್ರಿ.”

“ಮತ್ತ ಪೇಶಂಟು?”

“ಪುಸ್ತಕ ಏನ್ ಔಷಧ ಅದನ್ರಿ?”

ಮಮ್ತಾಜಳ ಮೈಯೆಲ್ಲ ಉರಿಯಿತು. ಎರಡು ಸಲ ಅರ್ಜಿ ಬರೆದುಕೊಟ್ಟಳು. ಯಾರೂ ಓದಲಿಲ್ಲ. ಬಾಳಪ್ಪ ಮತ್ತೆ ಗೋಡೆಗೆ ಮುಖ ಮಾಡಿದ್ದಾನೆಂದು ಗೌರವ್ವ ಕೌಂಟರಿಗೆ ಬಂದು ಹೇಳಿದಳು.

ತಪಾಸಣೆಯ ದಿನ ಕಪಾಟು ತೆರೆಯಿತು. ಹಾಸಿಗೆಗೊಂದು ಪುಸ್ತಕ ಹಂಚಿ ಫೋಟೊ ತೆಗೆಸುತ್ತಿದ್ದಾರೆಂದು ಕೇಳಿ ಮಮ್ತಾಜ ಕೌಂಟರು ಬಿಟ್ಟು ಓಡಿದಳು. ಬಾಳಪ್ಪನ ಕೈಗೂ ಒಂದನ್ನು ಹಿಡಿಸಿದ್ದರು, ಅದೂ ತಲೆಕೆಳಗಾಗಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನು ಕ್ಯಾಮೆರಾದ ಎದುರು ಸುಮ್ಮನೆ ಕೂತಿದ್ದ. ತಪಾಸಣೆಗೆ ಬಂದ ವಯಸ್ಸಾದ ಡಾಕ್ಟರಮ್ಮ ಆಗಷ್ಟೇ ಒಳಗೆ ಕಾಲಿಟ್ಟಿದ್ದರು.

“ಮೇಡಮ್ಮಾರ,” ಎಂದಳು ಮಮ್ತಾಜ. ಬಾಳಪ್ಪನ ಕಡೆ ಕೈ ಮಾಡಿದಳು. “ಮೊದಲ ಇವರ ಕಣ್ಣ ನೋಡ್ರಿ, ಆಮ್ಯಾಲ ಪುಸ್ತಕ ನೋಡ್ರಿ. ಕಪಾಟಿಗೆ ಕೀಲಿ ಬಿದ್ದು ಹನ್ನೆರಡ ದಿನಾ ಆತು. ಇವರು ತಿರುಗಿ ಮಾತ ಬಿಟ್ಟು ಹನ್ನೊಂದ ದಿನಾ ಆತು.”

ರೋಹನ ನಗಲು ನೋಡಿದ. “ಹಂಗೇನಿಲ್ರಿ, ಇವರು ಸುಮ್ನ...”

“ಖರೇ ಐತ್ರಿ,” ಎಂದ ಬಾಳಪ್ಪ.

ಡಾಕ್ಟರಮ್ಮ ಫೋಟೊ ನಿಲ್ಲಿಸಿ, ಪುಸ್ತಕ ಕೊಡುವ ವಹಿ ತರಿಸಿ, ಕಪಾಟಿಗೆ ಕೀಲಿ ಬೀಳುವ ಮುಂಚೆ ಅದರಲ್ಲಿ ಬಿದ್ದಿದ್ದ ಕೊನೆಯ ತಾರೀಖನ್ನು ಬರೆದುಕೊಂಡರು.

ಗಾಡಿ ಮತ್ತೆ ವಾರ್ಡಿಗೆ ಬಂತು. ರೋಹನನ ಕುರ್ಚಿ ಮಾತ್ರ ಅಲುಗಲಿಲ್ಲ. ತಿಂಗಳೊಳಗೆ ನೋಟಿಸ್ ಬೋರ್ಡಿನಲ್ಲಿ ದಪ್ಪಕ್ಷರದ ಹಾಳೆಯೊಂದು ಕಂಡಿತು: ‘ಓದಿನಿಂದ ಆರೈಕೆ – ವ್ಯವಸ್ಥಾಪಕರ ಹೊಸ ಯೋಜನೆ.’ ಮಮ್ತಾಜ ಹಲ್ಲು ಕಚ್ಚಿಕೊಂಡು ಪೂರ್ತಿ ಓದಿದಳು. ಎಲ್ಲರ ಕಣ್ಣೆದುರೇ ಅದನ್ನು ಪರ್ರನೆ ಹರಿದು ಬುಟ್ಟಿಗೆ ಎಸೆದು, ಗಾಡಿ ತಳ್ಳಿಕೊಂಡು ಹೊರಟಳು.